ಮಳೆ ಬಾರದ ವಾರದ ಫೈಲು

ಖಾಲಿ ಫೈಲು ಬಂದರೆ ಕಂಪ್ಯೂಟರ್ ಏನು ಮಾಡಬೇಕು ಎಂಬ ಪ್ರಶ್ನೆಯ ಮೇಲೆ ನಮ್ಮ ಬೆಳೆಗಾರರ ಗುಂಪು ಒಂದು ಭಾನುವಾರದ ಬೆಳಗನ್ನು ಪೂರ್ತಿ ಕಳೆಯಿತು. ಅಧ್ಯಕ್ಷರ ಬಂಗಲೆಯ ಜಗುಲಿಯಲ್ಲಿ ಕೂತವರಿಗೆಲ್ಲ ಅಭಿಪ್ರಾಯವಿತ್ತು. ಫೈಲು ಎಂದರೇನು ಎಂದು ಕೇಳಿದ್ದರೆ ಅರ್ಧ ಜನ ಒಳಗಿನ ಅಲ್ಮೇರದ ಕಡೆ ಕೈ ತೋರಿಸುತ್ತಿದ್ದರು, ಆದರೂ ಅಭಿಪ್ರಾಯಕ್ಕೆ ಕೊರತೆಯಿರಲಿಲ್ಲ. ಆ ಪ್ರೋಗ್ರಾಂ ಬರೆದವಳು ನಾನು. ನನಗೆ ಮಾತಾಡಲು ಅವಕಾಶ ಸಿಕ್ಕಿದ್ದು ಕೊನೆಯಲ್ಲಿ, ಅದೂ ಕಾಫಿ ಬಂದು ಉಳಿದವರ ಬಾಯಿ ಸ್ವಲ್ಪ ಹೊತ್ತು ಸುಮ್ಮನಾದಾಗ.

ಆ ಕಾಫಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಒಳ್ಳೆಯ ಬೀಜವನ್ನೆಲ್ಲ ಮಾರಿ, ಒಡಕು ಚೂರು, ಕಪ್ಪು ಬೀಜಗಳನ್ನು ಮನೆಗೆ ಇಟ್ಟುಕೊಳ್ಳುವುದು ನಮ್ಮ ಕಡೆಯ ದೊಡ್ಡ ತೋಟಗಾರರ ಪದ್ಧತಿ. ಅದನ್ನೇ ಹುರಿದು ಪುಡಿ ಮಾಡಿ, ಬಂದವರಿಗೆ ಕೊಟ್ಟು, 'ನಮ್ಮದೇ ತೋಟದ್ದು' ಎಂದು ಹೆಮ್ಮೆಪಡುತ್ತಾರೆ. ಅಧ್ಯಕ್ಷರ ಮನೆಯ ಕಾಫಿ ಕುಡಿದ ದಿನ ನನಗೆ ಮಧ್ಯಾಹ್ನ ಊಟ ಸೇರುವುದಿಲ್ಲ.

ನಾನು ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಮಲ್ಲಂದೂರಿನಿಂದ ಕೆಳಗೆ ಅಪ್ಪನ ಪಾಲಿನಿಂದ ಬಂದ ಮೂರು ಎಕರೆ ರೊಬಸ್ಟಾ ಕಾಫಿ ತೋಟ ಇದೆ. ಶನಿವಾರ ಮಧ್ಯಾಹ್ನ ಸ್ಕೂಟರ್ ಹತ್ತಿ ಅಲ್ಲಿಗೆ ಹೋಗುತ್ತೇನೆ, ಭಾನುವಾರ ಸಂಜೆ ವಾಪಸು. ಮೂರು ಎಕರೆಯವಳನ್ನು ಗುಂಪಿನಲ್ಲಿ ಯಾರೂ ಪ್ಲಾಂಟರ್ ಎನ್ನುವುದಿಲ್ಲ. 'ನಮ್ಮ ಮೇಡಂ' ಎನ್ನುತ್ತಾರೆ. ಪ್ರಿಂಟರ್ ಕೆಟ್ಟರೆ ಫೋನ್ ಮಾಡುತ್ತಾರೆ.

ಗುಂಪಿಗೆ ಸೇರಿದ ಒಂದು ಡೀಸೆಲ್ ಪಂಪು, ಒಂದು ಲೋಡು ಪೈಪು ಮತ್ತು ಸ್ಪ್ರಿಂಕ್ಲರುಗಳಿವೆ. ನಮ್ಮೆಲ್ಲರ ತೋಟಗಳ ಕೆಳಗೆ ಹರಿಯುವ ಹಳ್ಳದಿಂದ ನೀರೆತ್ತಿ, ಸರದಿಯ ಮೇಲೆ ತೋಟಗಳಿಗೆ ಹೊಡೆಯಬೇಕು. ರೊಬಸ್ಟಾ ಗಿಡದ ಮೊಗ್ಗು ಬಿಸಿಲಿನಲ್ಲಿ ಬಲಿತು ನೀರಿಗೆ ಕಾಯುತ್ತದೆ. ಹೂಮಳೆ ಹೊತ್ತಿಗೆ ಸರಿಯಾಗಿ ಬಿದ್ದರೆ ಹೂ, ಬೀಳದಿದ್ದರೆ ನಾವೇ ಮಳೆ ಸುರಿಸಬೇಕು. ಎರಡೂ ಆಗದಿದ್ದರೆ ಮೊಗ್ಗು ಕಂದಿ ಕೈಯಲ್ಲೇ ಪುಡಿಯಾಗುತ್ತದೆ, ಆ ವರ್ಷದ ಫಸಲಿನ ಕತೆ ಮುಗಿಯಿತು. ಮಾರ್ಚಿ ಬಂತೆಂದರೆ ಹಳ್ಳದ ನೀರೂ ದಿನದಿನಕ್ಕೆ ಇಳಿಯುತ್ತದೆ. ಮೊದಲ ಸರದಿಯವರಿಗೆ ನೀರು, ಕೊನೆಯ ಸರದಿಯವರಿಗೆ ಕೆಸರು. ಹಾಗಾಗಿ ಪಂಪು ಯಾರ ತೋಟಕ್ಕೆ ಮೊದಲು ಹೋಗಬೇಕು ಎಂಬುದು ನಮ್ಮಲ್ಲಿ ಮದುವೆ ಮಾತುಕತೆಗಿಂತ ದೊಡ್ಡ ವಿಷಯ.

ಮೊದಲೆಲ್ಲ ಇದಕ್ಕೆ ಸರಳವಾದ ನಿಯಮವಿತ್ತು. ಅಧ್ಯಕ್ಷರ ತೋಟ ಮೊದಲು, ಅವರ ಷಡ್ಡಕನ ತೋಟ ಆಮೇಲೆ, ಉಳಿದವರು ದನಿಯ ಗಾತ್ರದ ಪ್ರಕಾರ. ಒಂದು ವರ್ಷ ಇದು ಹೆಚ್ಚಾಗಿ, ಸಣ್ಣವರು ಮುಂದೆ ಗುಂಪೇ ಬೇಡ ಎಂದು ಎದ್ದರು. ಆಗ ಒಂದು ನ್ಯಾಯವಾದ ತೀರ್ಮಾನವಾಯಿತು. ಯಾರಿಗೆ ಕಡಿಮೆ ಮಳೆ ಬಿದ್ದಿದೆಯೋ ಅವರಿಗೆ ಮೊದಲು ಪಂಪು. ಎಲ್ಲರೂ ತಲೆಯಾಡಿಸಿದರು. ಎಲ್ಲರೂ ತಲೆಯಾಡಿಸಿದ ಕಾರಣವೂ ಒಂದೇ: ಮಳೆ ತನಗೆ ಮಾತ್ರ ಮೋಸ ಮಾಡುತ್ತದೆ ಎಂದು ನಮ್ಮಲ್ಲಿ ಪ್ರತಿಯೊಬ್ಬರೂ ನಂಬಿದ್ದಾರೆ.

ನಮ್ಮ ಕಡೆ ಮಳೆ ಅಳೆಯದ ತೋಟವಿಲ್ಲ. ಅಂಗಳದಲ್ಲಿ ಒಂದು ರೈನ್‌ಗೇಜ್, ಬೆಳಿಗ್ಗೆ ಎದ್ದು ನೋಡಿ ಇಷ್ಟು ಇಂಚು, ಇಂಚಿನ ನೂರನೇ ಪಾಲಾದ ಸೆಂಟ್ ಇಷ್ಟು ಎಂದು ಬರೆದಿಡುವುದು, ಆಮೇಲೆ ಫೋನ್ ಎತ್ತಿ ಪಕ್ಕದವರನ್ನು ಕೇಳುವುದು. 'ನಿಮ್ಮಲ್ಲಿ ಎಷ್ಟು?' ಎಂದು ಕೇಳುವುದೆಲ್ಲ ತನ್ನಲ್ಲಿ ಎಷ್ಟು ಎಂದು ಹೇಳಿಕೊಳ್ಳಲಿಕ್ಕೆ. ಹೆಚ್ಚು ಮಳೆ ಬಿದ್ದವನಿಗೆ ತಾನೇ ಅದನ್ನು ತಯಾರಿಸಿದಷ್ಟು ಹೆಮ್ಮೆ. ಇನ್ನೊಂದು ಪದ್ಧತಿಯೂ ಇದೆ. ಮಳೆ ಬಂದ ದಿನವನ್ನು ಮಾತ್ರ ಬರೆಯುತ್ತಾರೆ. ಬಾರದ ದಿನವನ್ನು ಯಾರೂ ಬರೆಯುವುದಿಲ್ಲ. ಸೊನ್ನೆ ಬರೆಯುವುದು ಅಪಶಕುನ ಎಂದು ಕೆಲವರು, ಶಾಯಿ ದಂಡ ಎಂದು ಕೆಲವರು. ಅಜ್ಜ ಬರೆದಿರಲಿಲ್ಲ, ಅಪ್ಪ ಬರೆದಿರಲಿಲ್ಲ, ಹಾಗಾಗಿ ಇವರೂ ಬರೆಯುವುದಿಲ್ಲ.

ಸರದಿಯ ಲೆಕ್ಕವನ್ನು ಕಂಪ್ಯೂಟರೇ ಹೇಳಲಿ, ಆಗ ಯಾರೂ ಯಾರನ್ನೂ ಬಯ್ಯುವಂತಿಲ್ಲ ಎಂದು ನನ್ನನ್ನು ಹಿಡಿದರು. ನಾನು ಚಿಕ್ಕ ಕಮಾಂಡ್ ಒಂದನ್ನು ಬರೆದುಕೊಟ್ಟೆ. ಪ್ರತಿ ತೋಟದವರು ವಾರಕ್ಕೊಮ್ಮೆ ತಮ್ಮ ಮಳೆಯ ಫೈಲನ್ನು ಫೋನಿನಿಂದ ಕಳಿಸಬೇಕು. ಕಾರ್ಯದರ್ಶಿಗಳು ಗುಂಪಿನ ಹಳೆಯ ಲ್ಯಾಪ್‌ಟಾಪಿನಲ್ಲಿ ಅವನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ, ಕಮಾಂಡ್ ಬರೆಯುವ ಕಪ್ಪು ಪರದೆ ತೆರೆದು, 'ಸರದಿ' ಎಂದು ಟೈಪ್ ಮಾಡಿ ಎಂಟರ್ ಒತ್ತಬೇಕು. ಕಡಿಮೆ ಮಳೆಯ ತೋಟ ಮೇಲೆ, ಹೆಚ್ಚಿನದು ಕೆಳಗೆ, ಹೆಸರುಗಳು ಸಾಲಾಗಿ ಬರುತ್ತವೆ. ಅಷ್ಟೇ. ಬಣ್ಣವಿಲ್ಲ, ಚಿತ್ರವಿಲ್ಲ. ಬ್ಯಾಂಕಿನಿಂದ ನಿವೃತ್ತರಾಗಿ ತೋಟಕ್ಕೆ ಬಂದ ಕಾರ್ಯದರ್ಶಿಗಳಿಗೆ ಇದು ಹಿಡಿಸಲಿಲ್ಲ. ಒತ್ತಲಿಕ್ಕೆ ಒಂದು ಹಸಿರು ಬಟನ್ ಆದರೂ ಬೇಕಿತ್ತು ಎಂದರು. ಬಟನ್ ಒತ್ತುವುದನ್ನು ಕೆಲಸ ಎಂದು ತಿಳಿದು ಇಡೀ ಸರ್ವೀಸು ಮುಗಿಸಿದವರು ಅವರು.

ಬರೆಯುವುದು ಸುಲಭವಿತ್ತು. ಕಷ್ಟವಾದದ್ದು ಡೀಫಾಲ್ಟ್. ನಮ್ಮ ಕಸುಬಿನಲ್ಲಿ ಡೀಫಾಲ್ಟ್ ಎಂದರೆ ಯಾರೂ ಏನೂ ಹೇಳದಿದ್ದಾಗ ಯಂತ್ರ ತಾನಾಗಿ ಮಾಡುವ ಕೆಲಸ. ನಮ್ಮ ಮನೆಗಳಲ್ಲಿ ಬಂದವರಿಗೆ ಕೇಳದೆ ಕಾಫಿಗೆ ಸಕ್ಕರೆ ಹಾಕಿ ಕೊಡುತ್ತಾರಲ್ಲ, ಅದು. ಸಕ್ಕರೆ ಬೇಡದವನು ಬಾಯಿಬಿಟ್ಟು ಹೇಳಬೇಕು, ಹೇಳಲು ಸಂಕೋಚವಾದರೆ ಸುಮ್ಮನೆ ಕುಡಿಯಬೇಕು. ತರಗತಿಯಲ್ಲಿ ನಾನು ಹೀಗೇ ಹೇಳಿಕೊಡುತ್ತೇನೆ. ಡೀಫಾಲ್ಟನ್ನು ಆರಿಸುವವರು ತಮಗೆ ಸಕ್ಕರೆ ಬೇಕೋ ಬೇಡವೋ ಎಂದಷ್ಟೇ ನೋಡಿಕೊಳ್ಳುತ್ತಾರೆ. ನಮ್ಮ ವಿಭಾಗದ ಮುಖ್ಯಸ್ಥರೇ ಇದ್ದಾರೆ, ಏನು ಕೆಟ್ಟರೂ 'ಬಳಸುವವನ ತಪ್ಪು' ಎಂದು ಕೈ ತೊಳೆದುಕೊಳ್ಳುತ್ತಾರೆ. ನಮ್ಮ ಕಸುಬಿನ ಅರ್ಧ ಜನ ಆ ಮಾತಿನ ಮೇಲೇ ಸಂಬಳ ತೆಗೆದುಕೊಳ್ಳುತ್ತಿದ್ದಾರೆ.

ಖಾಲಿ ಫೈಲು ಯಾಕೆ ಬರುತ್ತದೆ? ಎರಡು ಕಾರಣಕ್ಕೆ. ಆ ವಾರ ಮಳೆ ಬಿದ್ದಿಲ್ಲ, ಪದ್ಧತಿಯಂತೆ ಬರೆಯಲು ಏನೂ ಇಲ್ಲ. ಅಥವಾ ಆ ಮನುಷ್ಯ ವಾರವಿಡೀ ರೈನ್‌ಗೇಜ್ ಹತ್ತಿರವೇ ಹೋಗಿಲ್ಲ, ಸುಮ್ಮನೆ ಕಳಿಸಿದ್ದಾನೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಮೊದಲನೆಯವನು ಸರದಿಯಲ್ಲಿ ಎಲ್ಲರಿಗಿಂತ ಮೇಲೆ ಇರಬೇಕು. ಎರಡನೆಯವನು ಇರಲೇಬಾರದು.

ಜಗುಲಿಯಲ್ಲಿ ಚರ್ಚೆ ಶುರುವಾದದ್ದು ಇಲ್ಲಿಂದ. ಖಾಲಿಯನ್ನು ಸೊನ್ನೆ ಎಂದು ತಿಳಿದರೆ ಸೋಮಾರಿಗಳೆಲ್ಲ ಮೊದಲ ಸರದಿಗೆ ಬರುತ್ತಾರೆ ಎಂದರು ಅಧ್ಯಕ್ಷರು. ಆ ಮಾತಿನಲ್ಲಿ ಹುರುಳಿತ್ತು, ಇಲ್ಲ ಎನ್ನುವುದಿಲ್ಲ. ಆದರೆ ಸೋಮಾರಿತನದ ಬಗ್ಗೆ ಅವರು ಮಾತಾಡಿದ್ದು ಸ್ವಲ್ಪ ಹೆಚ್ಚಾಯಿತು. ಅವರ ತೋಟದ ಮಳೆಯನ್ನು ನೋಡುವವನು ಲೆಕ್ಕ ಬರೆಯುವ ರೈಟರ್, ಬರೆಯುವವನು ರೈಟರ್, ಕಳಿಸುವವನೂ ರೈಟರ್. ಇವರು ಫೋನಿನಲ್ಲಿ ಹೇಳಿಕೊಳ್ಳುವುದು ಮಾತ್ರ.

ಗುಂಪಿನಲ್ಲಿ ನಾವು ತಿರುವಿನ ಅಕ್ಕ ಎಂದು ಕರೆಯುವ ಒಬ್ಬರಿದ್ದಾರೆ. ರಸ್ತೆ ಗುಡ್ಡವನ್ನು ಬಳಸಿ ತಿರುಗುವಲ್ಲಿ ಅವರ ಎರಡು ಎಕರೆ ತೋಟ. ಗಂಡ ಇದ್ದಾರೆ, ಮಾತಾಡುವುದು ಇವರೇ. ಬೇಲಿ ವಿಷಯಕ್ಕೆ ಸುತ್ತಲಿನ ಎಲ್ಲರ ಜೊತೆಗೂ ಜಗಳ ಮಾಡಿಕೊಂಡಿದ್ದಾರೆ, ನನ್ನ ಜೊತೆಗೂ. ನನಗೂ ಅವರಿಗೂ ಅಷ್ಟಕ್ಕಷ್ಟೆ. ಆದರೆ ಅವರ ತೋಟದ ಸ್ಥಿತಿ ಎಲ್ಲರಿಗೂ ಗೊತ್ತು. ಮಳೆ ಗುಡ್ಡದ ಈಚೆ ಸುರಿದು, ತಿರುವಿನ ಹತ್ತಿರ ಬಂದು ನಿಂತುಬಿಡುತ್ತದೆ. ಉಳಿದವರಿಗೆ ಒಂದು ಕೆರೆಯೋ, ಒಂದು ಬೋರೋ ಇದೆ. ಅವರಿಗೆ ಗುಂಪಿನ ಪಂಪು ಬಿಟ್ಟರೆ ಬೇರೆ ದಿಕ್ಕಿಲ್ಲ. ಪಂಪು ಹೊತ್ತಿಗೆ ಬಂದರೆ ಆ ವರ್ಷ ಹೂವುಂಟು, ಬಾರದಿದ್ದರೆ ಇಲ್ಲ.

ಅವರು ಆ ದಿನ ಕಂಬಕ್ಕೆ ಒರಗಿ ಕೂತಿದ್ದರು.

"ನಾನು ಖಾಲಿ ಕಳ್ಸಿದ್ರೆ ಮಳೆ ಬಂದಿಲ್ಲ ಅಂತ" ಎಂದರು. "ಬಂದ್ರೆ ಬರೀತೀನಿ. ಬರ್ದೇ ಇದ್ರೆ ಎಂತ ಬರೀಲಿ ಮಾರಾಯ್ರೆ?"

ಎಲ್ಲರೂ ನಕ್ಕರು. ಯಾಕೆ ನಕ್ಕರು ಎಂದು ನನಗೆ ಇಂದಿಗೂ ಗೊತ್ತಾಗಿಲ್ಲ. ಆ ಬೆಳಗ್ಗೆ ಅಲ್ಲಿ ಆಡಿದ ಮಾತುಗಳಲ್ಲಿ ಅರ್ಥವಿದ್ದದ್ದು ಅದೊಂದಕ್ಕೇ.

"ಅದು ಹಂಗಲ್ಲ ಅಮ್ಮ" ಎಂದರು ಕಾರ್ಯದರ್ಶಿಗಳು. "ಸಿಸ್ಟಮ್ಮಿಗೆ ಡೇಟಾ ಬೇಕಾಗ್ತದೆ. ಡೇಟಾ ಇಲ್ದಿದ್ರೆ ಅದನ್ನ ಬಿಟ್ಟು ಮುಂದೆ ಹೋಗ್ಬೇಕು."

ತೀರ್ಮಾನವೂ ಹಾಗೇ ಆಯಿತು. ಖಾಲಿ ಫೈಲನ್ನು ಸದ್ದಿಲ್ಲದೆ ಬಿಟ್ಟು ಉಳಿದವರ ಸರದಿ ಹೇಳಬೇಕು. ಬೇಕಾದವರಿಗೆ ಖಾಲಿಯನ್ನು ಸೊನ್ನೆ ಎಂದು ಎಣಿಸುವ ಒಂದು ಆಪ್ಷನ್ ಇಟ್ಟರಾಯಿತು ಎಂದು ಅಧ್ಯಕ್ಷರು ಉದಾರವಾಗಿ ಸೇರಿಸಿದರು. ಈ ಆಪ್ಷನ್ ಎಂಬುದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ದನಿಯಿಲ್ಲದವರನ್ನು ಸಾಗಹಾಕುವ ಜಾಗ ಅದು. ಇದೆ ಎಂದು ಹೇಳಲಿಕ್ಕೆ ಇರುತ್ತದೆ, ಯಾರೂ ಬಳಸುವುದಿಲ್ಲ, ಎಲ್ಲಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಕಮಾಂಡನ್ನು ಒತ್ತುವವರು ಕಾರ್ಯದರ್ಶಿಗಳು. ತಿರುವಿನ ಅಕ್ಕನಿಗಾಗಿ ಅವರು ಇನ್ನೂ ನಾಲ್ಕು ಅಕ್ಷರ ಹೆಚ್ಚಿಗೆ ಟೈಪ್ ಮಾಡುತ್ತಾರೆ ಎಂದು ನಂಬುವಷ್ಟು ದಡ್ಡಿ ನಾನಲ್ಲ.

ನಾನು ಆಗುವುದಿಲ್ಲ ಎಂದೆ. ಖಾಲಿ ಫೈಲು ಸಿಕ್ಕರೆ ಪ್ರೋಗ್ರಾಂ ಅಲ್ಲೇ ನಿಲ್ಲಬೇಕು, ಯಾರ ಸರದಿಯನ್ನೂ ಹೇಳಬಾರದು, ಆ ತೋಟದವರನ್ನು ಕೇಳಿ ಉತ್ತರ ಬರೆದ ಮೇಲೆಯೇ ಮುಂದೆ ಹೋಗಬೇಕು ಎಂದೆ. ಅಕ್ಕನ ಮೇಲಿನ ಪ್ರೀತಿಯಿಂದ ಹೇಳಿದ್ದಲ್ಲ. ಅವರ ಸೊನ್ನೆ ಲೆಕ್ಕಕ್ಕೆ ಬಂದರೆ ನನ್ನ ತೋಟದ ಸರದಿ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು, ಅದರಿಂದ ನನಗೇನೂ ಖುಷಿಯಾಗುತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳುವ ಪ್ರೋಗ್ರಾಂ ಬರೆಯಲು ನನ್ನ ಕೈ ಬರುವುದಿಲ್ಲ, ಅಷ್ಟೇ.

"ನಿಂತ್ಕೊಳ್ಳೋದಾದ್ರೆ ಕಂಪ್ಯೂಟರ್ ಯಾಕೆ ಮೇಡಂ?" ಎಂದರು ಅಧ್ಯಕ್ಷರು. "ನಿಂತ್ಕೊಳ್ಳಕ್ಕೆ ನಾವೇ ಇದ್ದೀವಲ್ಲ."

"ಹಾಗಾದ್ರೆ ಬೇರೆಯವರ ಹತ್ರ ಬರೆಸ್ಕೊಳ್ಳಿ."

ಬೇರೆಯವರು ಯಾರೂ ಇರಲಿಲ್ಲ. ಪುಕ್ಕಟೆ ಬರೆದುಕೊಡುವವರಂತೂ ಮೊದಲೇ ಇಲ್ಲ. ಹಾಗಾಗಿ ಒಪ್ಪಿದರು. ಒಪ್ಪುವಾಗಿನ ಅವರ ಮುಖಗಳನ್ನು ನೋಡಬೇಕಿತ್ತು.

ಮೊದಲ ವಾರಗಳಲ್ಲಿ ನಡೆದದ್ದು ನನಗೆ ಒಳ್ಳೆಯ ಮನರಂಜನೆ. ತಲೆತಲಾಂತರದಿಂದ ಮಳೆಯ ಬಗ್ಗೆ ಕೊಚ್ಚಿಕೊಂಡು ಬಂದವರಿಗೆ ಕಡಿಮೆ ಮಳೆಯವರಿಗೇ ಪಂಪು ಎಂದಾಗ ಪೇಚಿಗಿಟ್ಟುಕೊಂಡಿತು. ಅಧ್ಯಕ್ಷರು ಬೆಳಿಗ್ಗೆ ಫೋನಿನಲ್ಲಿ ಎಲ್ಲರಿಗೂ ಎಪ್ಪತ್ತು ಸೆಂಟ್ ಎಂದು ಹೇಳುತ್ತಿದ್ದರು, ಭಾನುವಾರ ಅವರ ಫೈಲಿನಲ್ಲಿ ಮೂವತ್ತೈದು ಇರುತ್ತಿತ್ತು. ಗಾಳಿಗೆ ಸ್ವಲ್ಪ ಹಾರಿಹೋಯಿತು ಎನ್ನುತ್ತಿದ್ದರು. ಅವರ ಷಡ್ಡಕನ ಗೇಜಿನ ಮೇಲೆ ಇದ್ದಕ್ಕಿದ್ದಂತೆ ಒಂದು ಸಿಲ್ವರ್ ಓಕಿನ ಕೊಂಬೆ ಬಾಗಿ ಬಂದಿತ್ತು. ಆದರೆ ಈ ದೊಡ್ಡವರಲ್ಲಿ ಒಬ್ಬರೂ ಪೂರ್ತಿ ಸೊನ್ನೆಗೆ ಇಳಿಯಲಿಲ್ಲ. ಮಳೆಯೇ ಬರಲಿಲ್ಲ ಎಂದು ಒಪ್ಪಿಕೊಳ್ಳುವುದು ಅವರ ಅಂತಸ್ತಿಗೆ ಒಗ್ಗುವುದಿಲ್ಲ. ಇಬ್ಬನಿಯನ್ನಾದರೂ ಅಳೆದು ಎರಡು ಸೆಂಟ್ ಎಂದು ಬರೆಯುತ್ತಿದ್ದರು.

ಮಾರ್ಚಿಯಲ್ಲಿ ಒಂದು ಸಂಜೆ ಗುಡುಗಿ, ಚಿಕ್ಕಮಗಳೂರಿನಲ್ಲೂ ನಾಲ್ಕು ಹನಿ ಬಿತ್ತು. ಮಲ್ಲಂದೂರಿನ ಕಡೆ ಎಲ್ಲರಿಗೂ ಅಷ್ಟೋ ಇಷ್ಟೋ ಬಂತು. ಯಾರಿಗೂ ಸಾಕಾಗುವಷ್ಟು ಬರಲಿಲ್ಲ. ಅರ್ಧ ಮಳೆ ಬಿದ್ದರೆ ಇನ್ನೂ ಫಜೀತಿ, ಮೊಗ್ಗು ಅರಳಲು ಎದ್ದುಬಿಡುತ್ತದೆ, ಹಿಂದೆಯೇ ನೀರು ಕೊಡಬೇಕು. ಎಲ್ಲರಿಗೂ ಪಂಪು ಬೇಕೇ ಬೇಕು ಎಂಬಂತಾಯಿತು. ಭಾನುವಾರ ಫೈಲುಗಳು ಬಂದವು, ಕಾರ್ಯದರ್ಶಿಗಳು ಕಮಾಂಡ್ ಒತ್ತಿದರು, ಗುಂಪಿನ ವಾಟ್ಸಾಪಿಗೆ ಸರದಿ ಹಾಕಿದರು. ಆ ವಾರ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆಯಿದ್ದುದರಿಂದ ನಾನು ಊರಿಗೆ ಹೋಗಿರಲಿಲ್ಲ. ಸರದಿ ನೋಡಿದೆ. ನನ್ನ ತೋಟ ನಡುವಿನಲ್ಲಿತ್ತು. ತಿರುವಿನ ಅಕ್ಕನದು ಕೆಳಗಿನಿಂದ ಎರಡನೆಯದು, ಪಟ್ಟಿಯಲ್ಲಿ ಅಧ್ಯಕ್ಷರ ತೋಟದ ಹೆಸರಿನ ಪಕ್ಕದಲ್ಲಿ. ಅವರ ಕಡೆಗೂ ಮಳೆ ಬಂತಲ್ಲ, ಪರವಾಗಿಲ್ಲ ಎಂದುಕೊಂಡೆ.

ಎರಡು ದಿನ ಬಿಟ್ಟು, ನಾನು ಲ್ಯಾಬಿನಲ್ಲಿದ್ದಾಗ ಅವರ ಫೋನ್ ಬಂತು.

"ನಿನ್ನ ಕಂಪ್ಯೂಟರ್ ನಮ್ಮ ತೋಟಕ್ಕೆ ಮಳೆ ಹುಯ್ಸಿದೆಯಂತಲ್ಲ ಮಾರಾಯ್ತಿ" ಎಂದರು. "ಬಂದು ಎಲ್ಲಿ ಹುಯ್ದಿದೆ ಅಂತ ತೋರ್ಸಿ ಹೋಗು."

ನಾನು ಮರುದಿನ ರಜೆ ಹಾಕಿ ಹೋದೆ. ತಿರುವಿನವರೆಗೆ ರಸ್ತೆಯ ಬದಿ ಮಣ್ಣು ಕಪ್ಪಗಿತ್ತು, ಹಸಿ ವಾಸನೆಯಿತ್ತು. ತಿರುವು ದಾಟಿದ ಮೇಲೆ ಸ್ಕೂಟರಿನ ಹಿಂದೆ ಧೂಳು ಎದ್ದಿತು. ಅವರು ಅಂಗಳದಲ್ಲೇ ನಿಂತಿದ್ದರು. ಒಳಗೆ ಕರೆಯಲಿಲ್ಲ, ಕಾಫಿ ಕೊಡಲಿಲ್ಲ, ನೇರವಾಗಿ ರೈನ್‌ಗೇಜ್ ಹತ್ತಿರ ಕರೆದುಕೊಂಡು ಹೋದರು. ತಾಮ್ರದ ಆಲಿಕೆಯ ಬಾಯಿಗೆ ಅಡ್ಡವಾಗಿ ಜೇಡ ಬಲೆ ನೇಯ್ದಿತ್ತು. ಒಂದು ಎಳೆಯೂ ಹರಿದಿರಲಿಲ್ಲ. ನಡುವೆ ಜೇಡ ಆರಾಮವಾಗಿ ಕೂತಿತ್ತು.

"ದಿನಾ ಬೆಳಗ್ಗೆ ಬಂದು ನೋಡ್ತೀನಿ" ಎಂದರು. "ನಾನಾಗಿ ಅದನ್ನ ತೆಗ್ದಿಲ್ಲ. ಮಳೆ ಬಂದ್ರೆ ಅದೇ ತೆಗೀತದೆ ಅಂತ ಬಿಟ್ಟಿದ್ದೀನಿ."

"ನೀವು ಫೈಲು ಕಳ್ಸಿದ್ರಾ ಅಕ್ಕ?"

"ಕಳ್ಸಿದೀನಿ. ಖಾಲಿ."

"ಕಾರ್ಯದರ್ಶಿಗಳು ಫೋನ್ ಮಾಡಿದ್ರಾ?"

"ನನಗ್ಯಾಕೆ ಫೋನ್ ಮಾಡ್ತಾರೆ ಅವ್ರು? ಪಂಪು ನಮ್ಮ ಗೇಟಿನ ಮುಂದೆನೇ ಹೋಯ್ತು. ಕೈ ಅಡ್ಡ ಹಿಡ್ದೆ. ನಿಮ್ಮ ಸರದಿ ಇನ್ನೂ ಇದೆ ಅಂದ್ರು ಪಂಪಿನವ್ರು."

ಆಮೇಲೆ ತೋಟದೊಳಗೆ ಕರೆದುಕೊಂಡು ಹೋಗಿ ಮೇಲಿನ ಸಾಲುಗಳನ್ನು ತೋರಿಸಿದರು. ಮೊಗ್ಗು ತುದಿಯಲ್ಲಿ ಕಂದತೊಡಗಿತ್ತು. ಅವರು ಒಂದು ಗೊಂಚಲನ್ನು ಬೆರಳಿನಿಂದ ಒತ್ತಿ, ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡರು. ನನಗೆ ಸಿಟ್ಟು ಬಂತು. ಅಲ್ಲಿಂದ ಸೀದಾ ಕಾರ್ಯದರ್ಶಿಗಳ ಮನೆಗೆ ಹೋದೆ.

ಅವರು ಮುಚ್ಚಿಡುವ ಪ್ರಯತ್ನವನ್ನೇ ಮಾಡಲಿಲ್ಲ. ಲ್ಯಾಪ್‌ಟಾಪ್ ತೆರೆದು, ಹೇಗೆ ಬುದ್ಧಿ ಓಡಿಸಿದೆ ನೋಡಿ ಎಂಬಂತೆ ವಿವರಿಸಿದರು. ಕಮಾಂಡ್ ಒತ್ತಿದಾಗ ಅದು ತಿರುವಿನ ತೋಟದ ಫೈಲಿಗೆ ಬಂದು ನಿಂತಿದೆ. 'ಈ ಫೈಲು ಖಾಲಿ ಇದೆ. ಮಳೆ ಬಂದಿಲ್ಲವೋ, ನೋಡಿಲ್ಲವೋ? ತೋಟದವರನ್ನು ಕೇಳಿ ಬರೆಯಿರಿ' ಎಂದು ನಾನು ಬರೆದಿಟ್ಟ ಮಾತು ಪರದೆಯ ಮೇಲೆ ಬಂದಿದೆ. ಇವರು ಕೇಳಲಿಲ್ಲ. ಗುಡ್ಡದ ಈಚೆ ಇರುವ ಅಧ್ಯಕ್ಷರ ತೋಟದ ಸಂಖ್ಯೆಯನ್ನೇ ಅಲ್ಲಿ ತುಂಬಿಸಿದ್ದಾರೆ.

"ಎರಡು ತೋಟದ ನಡುವೆ ಒಂದು ರಸ್ತೆ ಅಲ್ವಾ ಮೇಡಂ" ಎಂದರು. "ಅವರಿಗೆ ಬಂದ್ರೆ ಇವರಿಗೂ ಬಂದಂಗೇ. ಅಂದಾಜು."

ಈ ಸೀಮೆಯಲ್ಲಿ ಹುಟ್ಟಿದವನು ಆಡುವ ಮಾತೇ ಇದು? ರಸ್ತೆಯ ಈಚೆ ಹುಯ್ದು ಆಚೆ ಹುಯ್ಯಲಿಲ್ಲ, ನಮ್ಮ ಕಾಫಿ ಒಣಗಿಸುವ ಡ್ರೈಯಿಂಗ್ ಯಾರ್ಡಿಗೆ ಬಿತ್ತು ಅವರ ಗೇಟಿಗೆ ಬೀಳಲಿಲ್ಲ ಎಂದು ಇವರೇ ವರ್ಷವಿಡೀ ಹೇಳಿಕೊಂಡು ತಿರುಗುತ್ತಾರೆ. ಅದನ್ನು ಹೇಳಲಿಕ್ಕೆಂದೇ ಪ್ರತಿ ಮನೆಯೂ ಒಂದೊಂದು ರೈನ್‌ಗೇಜ್ ಇಟ್ಟುಕೊಂಡಿದೆ. ಪಕ್ಕದವರ ಮಳೆಯೇ ನಮ್ಮ ಮಳೆಯಾಗುವುದಾದರೆ ಇಡೀ ಊರಿಗೆ ಒಂದು ಡಬ್ಬ ಸಾಕಾಗಿತ್ತು.

"ಒಂದು ಫೋನ್ ಮಾಡ್ಬಹುದಿತ್ತಲ್ಲ ಸರ್?"

"ನೆಟ್‌ವರ್ಕ್ ಇರ್ಲಿಲ್ಲ" ಎಂದರು. ಪರದೆ ಮುಚ್ಚುತ್ತ, "ಮತ್ತೆ ಆ ಅಮ್ಮನ ಬಾಯಿ ನಿಮಗೆ ಗೊತ್ತಲ್ಲ" ಎಂದರು.

ಇಷ್ಟೇ ಕಾರಣ. ಒಬ್ಬ ಹೆಂಗಸಿನ ಬಾಯಿಗೆ ಹೆದರಿ ಅವಳ ತೋಟಕ್ಕೆ ಕಾಗದದ ಮಳೆ ಸುರಿಸಿದ ಈ ಮನುಷ್ಯ ಸರ್ವೀಸಿನಲ್ಲಿ ಎಷ್ಟು ಜನರ ಅರ್ಜಿಗಳನ್ನು ಹೀಗೆ ಅಂದಾಜಿನ ಮೇಲೆ ವಿಲೇವಾರಿ ಮಾಡಿರಬಹುದು ಎಂದು ಯೋಚಿಸಿದೆ. ನನ್ನ ಪ್ರೋಗ್ರಾಂ ತಾನು ಮಾಡಬೇಕಾದ್ದನ್ನು ಮಾಡಿತ್ತು. ನಿಂತಿತ್ತು, ಕೇಳಿತ್ತು. ಎದ್ದು ಹೋಗಿ ಇನ್ನೊಬ್ಬರನ್ನು ವಿಚಾರಿಸುವ ಸೌಜನ್ಯವನ್ನು ಅದು ಇವರೊಳಗೆ ತುಂಬಲಾರದು.

ಸಭೆ ಕರೆಸಿದೆ. ಅದೇ ಜಗುಲಿ, ಅದೇ ಕಾಫಿ. ತಿರುವಿನ ಅಕ್ಕ ಆಲಿಕೆಯನ್ನು ಕಿತ್ತು ತರಲಿಲ್ಲ, ಬೇಕಾದವರು ಬಂದು ನೋಡಲಿ ಎಂದರು. ಯಾರೂ ಹೋಗಲಿಲ್ಲ. ಹೋದರೆ ಏನು ಕಾಣುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಪೈಪುಗಳನ್ನು ಆಗಲೇ ಅಧ್ಯಕ್ಷರ ಷಡ್ಡಕನ ತೋಟದಲ್ಲಿ ಹಾಸಿಯಾಗಿತ್ತು. ಅವನ್ನು ಕಿತ್ತು ಮತ್ತೆ ಹಾಸುವುದೆಂದರೆ ಆಳುಗಳಿಗೆ ಕಷ್ಟ ಎಂದು ಅಧ್ಯಕ್ಷರು ನೊಂದುಕೊಂಡರು. ಆಳುಗಳ ಕಷ್ಟ ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಲ್ಲಿ ಮುಗಿದ ಕೂಡಲೇ ತಿರುವಿಗೆ ಕಳಿಸುವುದು ಎಂದಾಯಿತು.

"ಇದಕ್ಕೇ ನಾನು ಹೇಳಿದ್ದು" ಎಂದರು ಅಧ್ಯಕ್ಷರು ನನ್ನ ಕಡೆ ತಿರುಗಿ. "ಅದು ನಿಂತಿದ್ದಕ್ಕೆ ಇಷ್ಟೆಲ್ಲ ಆಯ್ತು. ಸುಮ್ನೆ ಮುಂದೆ ಹೋಗಿದ್ರೆ ಯಾರಿಗೂ ತಲೆನೋವು ಇರ್ಲಿಲ್ಲ. ಆ ನಿಲ್ಲೋದನ್ನ ತೆಗ್ದುಬಿಡಿ."

ಸುತ್ತಲಿನ ತಲೆಗಳು ಆಡಿದವು. ಓದಿದವರು, ನಾಲ್ಕು ಊರು ಕಂಡವರು, ಕ್ಲಬ್ಬಿನಲ್ಲಿ ದೇಶದ ವಿಷಯ ಮಾತಾಡುವವರು. ಕೇಳಿದ ಪ್ರೋಗ್ರಾಮಿಗೆ ಸುಳ್ಳು ಹೇಳಿದವರು ಇವರು, ತಪ್ಪು ಮಾತ್ರ ಕೇಳಿದ ಪ್ರೋಗ್ರಾಮಿನದಂತೆ. ನನಗೆ ಅವರ ಮೇಲೆ ಬಂದ ತಿರಸ್ಕಾರವನ್ನು ಮುಚ್ಚಿಡಲು ಪ್ರಯತ್ನಿಸಲಿಲ್ಲ. ತೆಗೆಯುವುದಿಲ್ಲ ಎಂದಷ್ಟೇ ಹೇಳಿ, ಕಾಫಿ ಲೋಟವನ್ನು ಹಾಗೇ ಇಟ್ಟು ಎದ್ದು ಬಂದೆ.

ಪಂಪು ತಿರುವಿಗೆ ಹೋಗುವ ಹೊತ್ತಿಗೆ ಹಳ್ಳ ಇಳಿದಿತ್ತು. ಕೆಳಗಿನ ಸಾಲುಗಳಿಗೆ ನೀರು ಸಿಕ್ಕಿತು, ಮೇಲಿನವಕ್ಕೆ ಏರಲಿಲ್ಲ. ಮುಂದಿನ ವಾರ ನಮ್ಮ ತೋಟಗಳೆಲ್ಲ ಬೆಳ್ಳಗೆ ಹೂ ಬಿಟ್ಟವು. ರಸ್ತೆಯಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆದುಕೊಳ್ಳುವವರು ಬಂದರು. ತಿರುವಿನ ತೋಟದಲ್ಲಿ ಅರ್ಧಕ್ಕೆ ಗೆರೆ ಎಳೆದಂತಿತ್ತು, ಗೆರೆಯ ಕೆಳಗೆ ಬಿಳುಪು, ಮೇಲೆ ಬರೀ ಎಲೆ. ಅಧ್ಯಕ್ಷರ ಜೀಪು ದಿನಾ ಅದರ ಮುಂದೆಯೇ ಹೋಗುತ್ತದೆ. ಅವರು ಆ ಕಡೆ ತಿರುಗಿ ನೋಡಿದ್ದನ್ನು ಯಾರೂ ಕಂಡಿಲ್ಲ.

ಅಕ್ಕ ಅತ್ತು ಕರೆಯಲಿಲ್ಲ. ನನ್ನನ್ನೂ ಕ್ಷಮಿಸಿದಂತೆ ಕಾಣಲಿಲ್ಲ. "ನಿನ್ನ ಕಂಪ್ಯೂಟರ್ ಡಬ್ಬಕ್ಕೆ ಖಾಲಿ ಅಂದ್ರೆ ಅರ್ಥ ಆಗಲ್ಲ ಅಲ್ವಾ?" ಎಂದು ಒಮ್ಮೆ ಫೋನಿನಲ್ಲಿ ಕೇಳಿದರು. ಅರ್ಥವಾಗುತ್ತದೆ, ಅರ್ಥವಾಗದವರು ಬೇರೆ ಎಂದೆ. ಹಾಗೋ ಎಂದು ಇಟ್ಟುಬಿಟ್ಟರು.

ಅದರ ಮುಂದಿನ ಭಾನುವಾರದಿಂದ ಅವರ ಫೈಲು ಖಾಲಿ ಬರುವುದು ನಿಂತಿತು. ದಿನಕ್ಕೊಂದು ಸಾಲು. ಸೊನ್ನೆಯಲ್ಲ, ನಮ್ಮ ಊರಿನಲ್ಲಿ ಸೊನ್ನೆ ಬರೆಯುವ ಪದ್ಧತಿಯಿಲ್ಲವಲ್ಲ. ಅವರು ಬರೆದದ್ದು ಹೀಗೆ: 'ಸೋಮವಾರ. ನೋಡಿದೆ. ಇಲ್ಲ.' 'ಮಂಗಳವಾರ. ನೋಡಿದೆ. ಇಲ್ಲ.' ವಾರ ಪೂರ್ತಿ ಅದೇ.

ನನ್ನ ಪ್ರೋಗ್ರಾಂ ಅಂಕಿಗಳನ್ನು ಓದುತ್ತದೆ, ಮಾತನ್ನು ಓದುವುದಿಲ್ಲ. ಅಂಕಿಯಿಲ್ಲದ ಸಾಲು ಸಿಕ್ಕಿದರೆ ಅದೇ ಡೀಫಾಲ್ಟ್: ಆ ಸಾಲನ್ನು ಪರದೆಯ ಮೇಲೆ ತೋರಿಸಿ, 'ಇದು ಎಷ್ಟು ಸೆಂಟ್?' ಎಂದು ಕೇಳಿ ನಿಲ್ಲುತ್ತದೆ. ಒಂದು ಸಾಲಿಗೆ ಉತ್ತರ ಕೊಟ್ಟರೆ ಮುಂದಿನ ಸಾಲಿಗೆ ಹೋಗಿ ಮತ್ತೆ ನಿಲ್ಲುತ್ತದೆ. 'ನೋಡಿದೆ, ಇಲ್ಲ' ಎಂದು ಕಣ್ಣೆದುರಿಗೇ ಬರೆದಿರುವಾಗ ಪಕ್ಕದ ತೋಟದ ಸಂಖ್ಯೆ ತುಂಬಿಸುವಷ್ಟು ಧೈರ್ಯ ಕಾರ್ಯದರ್ಶಿಗಳಿಗೆ ಇಲ್ಲ. ಅವರ ಧೈರ್ಯವೆಲ್ಲ ಖಾಲಿ ಜಾಗದ ಮೇಲೆ.

ಅವರು ನನಗೆ ಫೋನ್ ಮಾಡಿದರು.

"ಮೇಡಂ, ಆ ಅಮ್ಮನ ಫೈಲಿಗೆ ಬಂದ್ರೆ ಅದು ಪ್ರತಿ ಸಾಲಿಗೂ ನಿಲ್ತದೆ. ನಾನು ಪ್ರತಿ ಸಲ ಓದಿ ಸೊನ್ನೆ ಹೊಡೀಬೇಕು."

"ಹೌದು ಸರ್."

"ಇಲ್ಲ ಅಂತ ಇದ್ರೆ ತಾನಾಗೇ ಸೊನ್ನೆ ತಗೊಳ್ಳೋ ಹಂಗೆ ಮಾಡಕ್ಕಾಗಲ್ವಾ? ಅದೇ, ಡೀಫಾಲ್ಟ್ ಆಗಿ?"

ಮಾಡಬಹುದು. ಒಂದು ಸಾಲಿನ ಕೆಲಸ, ಕೂತರೆ ಕಾಫಿ ಆರುವಷ್ಟರಲ್ಲಿ ಮುಗಿಯುತ್ತದೆ. ನೋಡುತ್ತೇನೆ ಎಂದೆ. ಅವರು ಆಗಾಗ ನೆನಪಿಸುತ್ತಾರೆ, ನಾನು ನೋಡುತ್ತೇನೆ ಎನ್ನುತ್ತಿದ್ದೇನೆ.

ಇವತ್ತು ಭಾನುವಾರ. ಈ ವಾರವೂ ತಿರುವಿನ ಆಚೆ ಮಳೆಯಿಲ್ಲ. ಅಕ್ಕನ ಫೈಲು ಬೆಳಿಗ್ಗೆಯೇ ಬಂದಿದೆ. ಕಾರ್ಯದರ್ಶಿಗಳು ಈಗ ತಮ್ಮ ಮನೆಯ ಜಗುಲಿಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕನ್ನಡಕ ಏರಿಸಿಕೊಂಡು ಕೂತಿರುತ್ತಾರೆ. ಅವರು ಫೋನ್ ಮಾಡಿ ಕೇಳಲು ಒಲ್ಲದ ಹೆಂಗಸು ದಿನಾ ಬೆಳಿಗ್ಗೆ ಅಂಗಳಕ್ಕಿಳಿದು ನೋಡಿದ್ದನ್ನು ಒಂದೊಂದು ಸಾಲಾಗಿ ಓದುತ್ತಿರುತ್ತಾರೆ, ಓದಿ, ಅವಳ ಸೊನ್ನೆಯನ್ನು ತಮ್ಮ ಕೈಯಿಂದಲೇ ಬರೆಯುತ್ತಿರುತ್ತಾರೆ.